ಕಾರಿನ ಡೋರ್ ಲಾಕ್ ಕೆಟ್ಟಿದೆಯಾ? ಗ್ಯಾರೇಜಿಗೆ ಹೋಗುವ ಮೊದಲು ಖರ್ಚಿನ ಲೆಕ್ಕ ತಿಳಿದುಕೊಳ್ಳಿ

ಬಾಗಿಲು ಎರಡು ಸಲ ಬಡಿದರೂ ಕೂರುತ್ತಿಲ್ಲ. ಇಲ್ಲವೇ ಹೊರಗಿನ ಹ್ಯಾಂಡಲ್ ಸಲೀಸಾಗಿ ಕೈಗೆ ಬರುತ್ತದೆ, ಬಾಗಿಲು ಮಾತ್ರ ಅಲ್ಲಾಡುವುದಿಲ್ಲ. ಗ್ಯಾರೇಜಿಗೆ ಒಯ್ದರೆ ಹೆಚ್ಚಾಗಿ ಒಂದೇ ಉತ್ತರ: "ಲಾಕ್ ಹೋಗೇತ್ರಿ ಸರ, ಹೊಸಾದ ಹಾಕಬೇಕ್ರಿ." ಇಂಥದೇ ತೊಂದರೆಯನ್ನು ಒಬ್ಬರು ಇನ್ನೂರು ರೂಪಾಯಿಯಲ್ಲಿ ಮುಗಿಸಿಕೊಂಡು ಬರುತ್ತಾರೆ, ಇನ್ನೊಬ್ಬರು ನಾಲ್ಕು ಸಾವಿರ ಕೊಟ್ಟು ಬರುತ್ತಾರೆ. ಇದರಲ್ಲಿ ಮೋಸ ಇರಲೇಬೇಕು ಅಂತೇನಿಲ್ಲ. ಬಾಗಿಲು ಹಟ ಹಿಡಿಯುವುದಕ್ಕೆ ಆರೇಳು ಕಾರಣಗಳಿವೆ. ಲಾಕ್ ಪೂರ್ತಿ ಕೆಟ್ಟಿರುವುದು ಅವುಗಳಲ್ಲಿ ಒಂದು, ಅಷ್ಟೇ. ಯಾವುದು ಕೆಟ್ಟಿದೆ ಅಂತ ಗೊತ್ತಿಲ್ಲದೆ "ಎಷ್ಟಾಗುತ್ತೆ?" ಎಂದು ಕೇಳಿದರೆ ಎಲ್ಲಕ್ಕಿಂತ ದುಬಾರಿ ರಿಪೇರಿಯ ರೇಟೇ ಮೊದಲು ಬರುತ್ತದೆ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಕಾರು ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಎರೆಮಣ್ಣಿನ ಧೂಳು, ಅದರ ಮೇಲೆ ಬೀಳುವ ಮಳೆ, ಎರಡೂ ಸೇರಿ ಡೋರ್ ಲಾಕನ್ನು ಬೇರೆ ಊರುಗಳಿಗಿಂತ ಜಾಸ್ತಿ ಕಾಡುತ್ತವೆ. ಹಾಗಾಗಿ ಇಲ್ಲಿ "ಲಾಕ್ ಹೋಗೇತಿ" ಅನ್ನುವುದರಲ್ಲಿ ಎಷ್ಟೋ ಸಲ ಹೋಗಿರುವುದು ಬರೀ ಗ್ರೀಸು.

ಬಾಗಿಲೊಳಗೆ ಏನೇನಿದೆ

ಬಾಗಿಲು ತೆರೆದು ಅದರ ಅಂಚು ನೋಡಿ. ಒಂದು ಸೀಳು, ಅದರೊಳಗೆ ಕೊಕ್ಕೆಯಂಥ ಉಕ್ಕಿನ ತುಂಡು ಕಾಣುತ್ತದೆ. ಅದು ಲ್ಯಾಚ್‌ನ, ಅಂದರೆ ಬಾಗಿಲನ್ನು ಹಿಡಿದಿಡುವ ಲಾಕಿನ ಕೊಕ್ಕೆ. ಎದುರಿಗೆ ಕಾರಿನ ಕಂಬದ ಮೇಲೆ ಬೋಲ್ಟ್ ಹಾಕಿ ಕೂರಿಸಿದ ದಪ್ಪ ಸರಳಿನ ಬಳೆ ಇದೆ, ಅದಕ್ಕೆ ಸ್ಟ್ರೈಕರ್ ಎನ್ನುತ್ತಾರೆ. ಬಾಗಿಲು ಹಾಕಿದಾಗ ಸ್ಟ್ರೈಕರ್ ಬಂದು ಕೊಕ್ಕೆಯನ್ನು ತಿರುಗಿಸುತ್ತದೆ, ಕೊಕ್ಕೆ ಬೆರಳು ಮಡಚಿದ ಹಾಗೆ ಅದನ್ನು ಹಿಡಿದುಕೊಳ್ಳುತ್ತದೆ. ಕೊಕ್ಕೆ ವಾಪಸ್ ತಿರುಗದಂತೆ ಒಂದು ಚಿಕ್ಕ ತಡೆಹಲ್ಲು ಸ್ಪ್ರಿಂಗಿನ ಬಲದಿಂದ ಅಡ್ಡ ನಿಲ್ಲುತ್ತದೆ. ಹ್ಯಾಂಡಲ್ ಎಳೆದಾಗ ನೀವು ಸರಿಸುವುದು ಈ ತಡೆಹಲ್ಲನ್ನು.

ಇದು ಎರಡು ಹಂತದಲ್ಲಿ ಹಿಡಿಯುತ್ತದೆ. ಮೊದಲ ಕ್ಲಿಕ್‌ಗೆ ಅರ್ಧ, ಎರಡನೇ ಕ್ಲಿಕ್‌ಗೆ ಪೂರ್ತಿ. ಮೊದಲ ಕ್ಲಿಕ್‌ನಲ್ಲೇ ನಿಂತ ಬಾಗಿಲು ಹೊರಗಿನಿಂದ ನೋಡಿದರೆ ಹಾಕಿದಂತೆಯೇ ಕಾಣುತ್ತದೆ, ಆದರೆ ಅಂಚು ಸ್ವಲ್ಪ ಎದ್ದಿರುತ್ತದೆ.

ಹೊರಗಿನ ಹ್ಯಾಂಡಲ್‌ನಿಂದ ಲ್ಯಾಚ್‌ಗೆ ಹೆಚ್ಚಾಗಿ ಒಂದು ತೆಳು ಕಂಬಿ ಹೋಗುತ್ತದೆ. ಅದರ ತುದಿಯನ್ನು ಹಿಡಿದಿರುವುದು ಪುಟ್ಟ ಪ್ಲಾಸ್ಟಿಕ್ ಕ್ಲಿಪ್. ಒಳಗಿನ ಹ್ಯಾಂಡಲ್‌ನಿಂದ ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಕೇಬಲ್ ಬರುತ್ತದೆ, ಸೈಕಲ್ಲಿನ ಬ್ರೇಕಿಗೆ ಇರುತ್ತದಲ್ಲ, ಆ ಜಾತಿಯದು. ಸೆಂಟ್ರಲ್ ಲಾಕಿಂಗ್ ಇದ್ದರೆ 12 ವೋಲ್ಟಿನ ಚಿಕ್ಕ ಮೋಟರ್ ಕೂಡ ಇದೆ. ಕೆಲವು ಕಾರುಗಳಲ್ಲಿ ಈ ಮೋಟರ್ ಲ್ಯಾಚ್ ಒಳಗೇ ಸೇರಿರುತ್ತದೆ, ಕೆಲವದರಲ್ಲಿ ಬೇರೆ ಇರುತ್ತದೆ. ಖರ್ಚಿನ ಲೆಕ್ಕದಲ್ಲಿ ಈ ಒಂದು ವ್ಯತ್ಯಾಸವೇ ಸಾವಿರ ರೂಪಾಯಿ ಆಚೀಚೆ ಮಾಡುತ್ತದೆ.

ಮೊದಲ ಹೆಜ್ಜೆ: ಮನೆ ಮುಂದೆಯೇ ತಪಾಸಣೆ

ಇದಕ್ಕೆ ಬೇಕಾಗುವುದು ಒಂದು ಸ್ಕ್ರೂಡ್ರೈವರ್, ಮೊಬೈಲಿನ ಟಾರ್ಚ್, ಹಳೇ ಬಟ್ಟೆ. ಅವಸರ ಬೇಡ.

ಹಿಂದಿನ ಬಾಗಿಲು ಹೊರಗಿನಿಂದ ತೆರೆಯುತ್ತದೆ, ಒಳಗಿನಿಂದ ತೆರೆಯುವುದಿಲ್ಲ ಎಂದಾದರೆ ಮೊದಲು ಚೈಲ್ಡ್ ಲಾಕ್ ನೋಡಿ. ಬಾಗಿಲಿನ ಅಂಚಿನಲ್ಲಿ, ಲ್ಯಾಚ್ ಹತ್ತಿರ, ಒಂದು ಚಿಕ್ಕ ಲಿವರ್ ಇರುತ್ತದೆ, ಇಲ್ಲವೇ ಕೀಲಿ ತುದಿಯಿಂದ ತಿರುಗಿಸುವ ಗೀರು. ಕಾರು ತೊಳೆಯುವವರ ಕೈ ತಾಗಿ ಅದು ಸರಿದಿರಬಹುದು, ಮಕ್ಕಳೂ ಆಡಿರಬಹುದು. ಅದನ್ನು ಸರಿಸಿದರೆ ಮುಗಿಯಿತು, ಒಂದು ಪೈಸೆ ಖರ್ಚಿಲ್ಲ.

ಒಳಗಿನಿಂದ ತೆರೆಯುತ್ತದೆ, ಹೊರಗಿನಿಂದ ಇಲ್ಲ: ಲ್ಯಾಚ್ ಸರಿಯಾಗಿದೆ. ಹೊರಗಿನ ಹ್ಯಾಂಡಲ್ ಒಡೆದಿದೆ, ಇಲ್ಲವೇ ಕಂಬಿಯ ಕ್ಲಿಪ್ ಕಳಚಿದೆ. ಹ್ಯಾಂಡಲ್ ಭಾರವೇ ಇಲ್ಲದಂತೆ ಸಡಿಲವಾಗಿ ಬಂದರೆ ಕ್ಲಿಪ್ ಮೇಲೆ ಅನುಮಾನ ಇಡಿ.

ಮುಂದಿನ ಬಾಗಿಲು ಹೊರಗಿನಿಂದ ತೆರೆಯುತ್ತದೆ, ಒಳಗಿನಿಂದ ಇಲ್ಲ: ಒಳಗಿನ ಹ್ಯಾಂಡಲ್ ಅಥವಾ ಅದರ ಕೇಬಲ್. ಇಲ್ಲಿಯೂ ಲ್ಯಾಚ್ ಬದಲಿಸುವ ಮಾತೇ ಬರಬಾರದು.

ಕೀಲಿಯಿಂದ ಲಾಕ್ ಆಗುತ್ತದೆ, ರಿಮೋಟಿಗೆ ಆಗುವುದಿಲ್ಲ ಎಂದಾದರೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಒಂದೇ ಬಾಗಿಲಾ, ನಾಲ್ಕೂ ಬಾಗಿಲಾ? ನಾಲ್ಕೂ ಆದರೆ ರಿಮೋಟಿನ ಗುಂಡು ಸೆಲ್, ಆಮೇಲೆ ಫ್ಯೂಸ್ ನೋಡಿ. ಒಂದೇ ಆದರೆ ಆ ಬಾಗಿಲಿನ ಮೋಟರ್, ಇಲ್ಲವೇ ವೈರು. ಬಾಗಿಲಿಗೂ ಕಂಬಕ್ಕೂ ನಡುವೆ ರಬ್ಬರ್ ಕೊಳವೆಯೊಳಗೆ ವೈರುಗಳು ಹೋಗುತ್ತವೆ. ಬಾಗಿಲು ಸಾವಿರಾರು ಸಲ ತೆರೆದು ಹಾಕಿ ಅಲ್ಲಿಯೇ ವೈರು ತುಂಡಾಗುವುದುಂಟು. ಮೋಟರ್ ಸದ್ದು ಕೇಳುತ್ತದೆ ಆದರೆ ಲಾಕ್ ಬೀಳುವುದಿಲ್ಲ ಎಂದರೆ ಒಳಗಿನ ಪ್ಲಾಸ್ಟಿಕ್ ಹಲ್ಲು ಸವೆದಿದೆ. ಸದ್ದೇ ಇಲ್ಲದಿದ್ದರೆ ಮೊದಲು ವೈರು ನೋಡಿಸಿ, ಆಮೇಲೆ ಮೋಟರ್ ಮಾತು.

ಈಗ ಹೆಚ್ಚು ಜನರನ್ನು ಗಾಬರಿ ಮಾಡುವ ತೊಂದರೆ: ಬಾಗಿಲು ಕೂರುವುದೇ ಇಲ್ಲ, ಬಡಿದಷ್ಟೂ ಟಣ್ ಎಂದು ವಾಪಸ್ ಬರುತ್ತದೆ. ಅಂಚಿನ ಸೀಳಿನೊಳಗೆ ಟಾರ್ಚ್ ಬಿಡಿ. ಬಾಗಿಲು ತೆರೆದಿರುವಾಗ ಕೊಕ್ಕೆಯ ಬಾಯಿ ಹೊರಗೆ ತೆರೆದುಕೊಂಡಿರಬೇಕು. ಯಾವುದೋ ಕಾರಣಕ್ಕೆ ಅದು ಮೊದಲೇ ಮಡಚಿಕೊಂಡಿದ್ದರೆ ಸ್ಟ್ರೈಕರ್‌ಗೆ ಒಳಗೆ ಹೋಗಲು ಜಾಗವೇ ಇರುವುದಿಲ್ಲ. ಆಗ ಬಡಿಯಬೇಡಿ, ಬಡಿದರೆ ಒಳ್ಳೆಯ ಲ್ಯಾಚ್ ಕೂಡ ಹಾಳಾಗುತ್ತದೆ. ಬಾಗಿಲು ಅನ್‌ಲಾಕ್ ಆಗಿದೆಯೇ ನೋಡಿ, ಒಂದು ಕೈಯಲ್ಲಿ ಹೊರಗಿನ ಹ್ಯಾಂಡಲ್ ಎಳೆದು ಹಿಡಿಯಿರಿ, ಇನ್ನೊಂದು ಕೈಯ ಸ್ಕ್ರೂಡ್ರೈವರ್ ತುದಿಯಿಂದ ಕೊಕ್ಕೆಯನ್ನು ಮೆಲ್ಲಗೆ ಹೊರಮುಖವಾಗಿ ತಳ್ಳಿ. ಅದು ಟಪ್ಪಂತ ತೆರೆದುಕೊಂಡರೆ ನಿಮ್ಮ ಬಾಗಿಲು ಈಗ ಕೂರುತ್ತದೆ.

ಹಾಗೆಯೇ ಒಂದು ಪರೀಕ್ಷೆ ಮಾಡಿಬಿಡಿ. ಬಾಗಿಲು ತೆರೆದೇ ಇರಲಿ. ಸ್ಕ್ರೂಡ್ರೈವರ್‌ನಿಂದ ಕೊಕ್ಕೆಯನ್ನು ಮಡಚಿ. ಎರಡು ಕ್ಲಿಕ್ ಕೇಳಬೇಕು. ಹ್ಯಾಂಡಲ್ ಎಳೆಯಿರಿ, ಕೊಕ್ಕೆ ಚುರುಕಾಗಿ ತೆರೆದುಕೊಳ್ಳಬೇಕು. ಕ್ಲಿಕ್ ಸ್ಪಷ್ಟವಾಗಿದ್ದು ಕೊಕ್ಕೆ ಮಾತ್ರ ನಿಧಾನಕ್ಕೆ, ಅಂಟಿಕೊಂಡಂತೆ ತಿರುಗಿದರೆ ಅದಕ್ಕೆ ಬೇಕಿರುವುದು ಸ್ವಚ್ಛತೆ ಮತ್ತು ಗ್ರೀಸು. ಮಡಚಿದ ಕೊಕ್ಕೆ ನಿಲ್ಲದೆ ತಾನೇ ಜಾರಿ ವಾಪಸ್ ಬಂದರೆ ಮೊದಲು ಒಳಗಿನ ಕೊಳೆ ತೆಗೆದು ನೋಡಿ, ತಡೆಹಲ್ಲು ಕೊಳೆಗೆ ಅಂಟಿಕೊಂಡಿರಬಹುದು. ತೊಳೆದ ಮೇಲೂ ಜಾರಿದರೆ ಹಲ್ಲು ಸವೆದಿದೆ, ಇಲ್ಲವೇ ಸ್ಪ್ರಿಂಗ್ ಹೋಗಿದೆ. ಇದು ನಿಜವಾಗಿ ಲ್ಯಾಚ್ ಬದಲಿಸುವ ಪ್ರಸಂಗ. ಇಲ್ಲಿ ಚೌಕಾಸಿ ಬೇಡ.

ಪರೀಕ್ಷೆ ಮುಗಿದ ಮೇಲೆ ಕೊಕ್ಕೆಯನ್ನು ತೆರೆದ ಸ್ಥಿತಿಯಲ್ಲಿ ಬಿಡುವುದು ಮರೆಯಬೇಡಿ.

ಕೊಕ್ಕೆ ಸರಿಯಿದ್ದೂ ಬಾಗಿಲು ಸರಿಯಾಗಿ ಕೂರದಿದ್ದರೆ, ಬಾಗಿಲನ್ನು ಅರ್ಧ ತೆರೆದು ಅದರ ತುದಿ ಹಿಡಿದು ಮೇಲೆ ಕೆಳಗೆ ಎತ್ತಿ ನೋಡಿ. ಅಲುಗಾಡಿದರೆ ಹಿಂಜ್, ಅಂದರೆ ಬಾಗಿಲಿನ ಕೀಲು, ಸವೆದು ಬಾಗಿಲು ಜಗ್ಗಿದೆ. ಹಳೇ ಕಾರುಗಳ ಡ್ರೈವರ್ ಬಾಗಿಲಿನಲ್ಲಿ ಇದು ಸಾಮಾನ್ಯ. ಅಲುಗಾಟ ಇಲ್ಲದಿದ್ದರೆ ಸ್ಟ್ರೈಕರ್ ಸ್ವಲ್ಪ ಸರಿದಿದೆ, ಅದರ ಬೋಲ್ಟ್ ಸಡಿಲಿಸಿ ಒಂದೆರಡು ಮಿಲಿಮೀಟರ್ ಆಚೀಚೆ ಮಾಡಿದರೆ ಸಾಕು. ಸಡಿಲಿಸುವ ಮೊದಲು ಅದರ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದುಕೊಳ್ಳಿ, ಇಲ್ಲದಿದ್ದರೆ ಮೊದಲಿದ್ದ ಜಾಗ ಎಲ್ಲಿ ಎಂದು ಹುಡುಕುತ್ತ ಕೂರಬೇಕಾಗುತ್ತದೆ.

ಕೊನೆಯದು, ಒಳಗಿನಿಂದಲೂ ಹೊರಗಿನಿಂದಲೂ ತೆರೆಯದೆ ಮುಚ್ಚಿಕೊಂಡೇ ಇರುವ ಬಾಗಿಲು. ಒಬ್ಬರು ಹೊರಗಿನಿಂದ ಬಾಗಿಲನ್ನು ಒಳಕ್ಕೆ ಒತ್ತಿ ಹಿಡಿಯಲಿ, ಅದೇ ಹೊತ್ತಿಗೆ ಇನ್ನೊಬ್ಬರು ಹ್ಯಾಂಡಲ್ ಎಳೆಯಲಿ. ತಡೆಹಲ್ಲಿನ ಮೇಲಿನ ಭಾರ ಕಮ್ಮಿಯಾಗಿ ಕೆಲವೊಮ್ಮೆ ಬಿಟ್ಟುಕೊಡುತ್ತದೆ. ಒಮ್ಮೆ ತೆರೆದರೆ ಮತ್ತೆ ಮುಚ್ಚದೆ ಹಾಗೆಯೇ ಗ್ಯಾರೇಜಿನವರನ್ನು ಕರೆಸಿ. ಯಾಕೆಂದರೆ ಲ್ಯಾಚ್‌ನ ಸ್ಕ್ರೂಗಳು ಬಾಗಿಲಿನ ಅಂಚಿನಲ್ಲಿವೆ. ಬಾಗಿಲು ಮುಚ್ಚಿದ್ದರೆ ಅವು ಕೈಗೆ ಸಿಗುವುದಿಲ್ಲ. ಮುಚ್ಚಿದ ಬಾಗಿಲಿನ ಒಳಗಿನ ಪ್ಯಾಡ್ ಬಿಚ್ಚಿ, ಸಂದಿಯಲ್ಲಿ ಕೈ ಹಾಕಿ ಕೆಲಸ ಮಾಡಬೇಕು. ಕೂಲಿ ಅಲ್ಲಿಗೆ ಇಮ್ಮಡಿಯಾಗುತ್ತದೆ.

ಎರಡನೇ ಹೆಜ್ಜೆ: ಕೂರದ ಬಾಗಿಲಿನ ಕಾರನ್ನು ಓಡಿಸಬೇಡಿ

ಹಗ್ಗ ಕಟ್ಟಿಕೊಂಡು, ಇಲ್ಲವೇ ಪಕ್ಕದಲ್ಲಿ ಕೂತವರು ಬಾಗಿಲು ಹಿಡಿದುಕೊಂಡು ಹೋಗುವುದನ್ನು ನೋಡಿದ್ದೇನೆ. ದಯವಿಟ್ಟು ಹೀಗೆ ಮಾಡಬೇಡಿ. ಅಪಘಾತದಲ್ಲಿ ಜನ ಕಾರಿನಿಂದ ಹೊರಗೆ ಎಸೆಯಲ್ಪಡದಂತೆ ತಡೆಯುವುದು ಸೀಟ್ ಬೆಲ್ಟ್ ಮತ್ತು ಈ ಲ್ಯಾಚ್. ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳು ಪಕ್ಕದಲ್ಲಿ ಹಾದುಹೋದಾಗ ಎಬ್ಬಿಸುವ ಗಾಳಿಗೇ ಕೊಕ್ಕೆ ಹಿಡಿಯದ ಬಾಗಿಲು ತೆರೆದುಕೊಳ್ಳಬಹುದು. ಗದಗ ಕಡೆಯ ಬಯಲಿನ ಗಾಳಿ ಕೇಳಬೇಕೇ?

ಬೇರೆ ದಾರಿಯೇ ಇಲ್ಲದಿದ್ದರೆ ಆ ಬಾಗಿಲಿನ ಬಳಿ ಯಾರನ್ನೂ ಕೂರಿಸದೆ, ಊರೊಳಗಿನ ರಸ್ತೆಯಲ್ಲಿ ನಿಧಾನಕ್ಕೆ ಹತ್ತಿರದ ಗ್ಯಾರೇಜಿಗೆ ಮಾತ್ರ ಹೋಗಿ. ಡ್ರೈವರ್ ಬಾಗಿಲೇ ಆಗಿದ್ದರೆ ಮೆಕ್ಯಾನಿಕ್ ಅವರನ್ನೇ ಮನೆಗೆ ಕರೆಸಿ. ಇನ್ನೊಂದು ವಿಷಯ: ಬಾಗಿಲು ಅರ್ಧ ಕೂತಿದ್ದರೆ ಒಳಗಿನ ದೀಪ ಉರಿಯುತ್ತಲೇ ಇದ್ದು ಬೆಳಗಾಗುವಷ್ಟರಲ್ಲಿ ಬ್ಯಾಟರಿ ಇಳಿದಿರಬಹುದು. ರಾತ್ರಿ ಆ ದೀಪದ ಸ್ವಿಚ್ ಆಫ್ ಮಾಡಿ ಮಲಗಿ.

ಮೂರನೇ ಹೆಜ್ಜೆ: ಯಾವ ರಿಪೇರಿಗೆ ಎಷ್ಟು

ಕೆಳಗಿನವು ಸಾಮಾನ್ಯ ಚಿಕ್ಕ ಮತ್ತು ಮಧ್ಯಮ ಕಾರುಗಳಿಗೆ ಅನ್ವಯಿಸುವ ಅಂದಾಜು. ಕಾರಿನ ಮಾದರಿ, ವರ್ಷ, ಗ್ಯಾರೇಜು ನೋಡಿಕೊಂಡು ಏರುಪೇರಾಗುತ್ತದೆ. ಮಾತಿಗೆ ಕೂರುವಾಗ ಕೈಯಲ್ಲೊಂದು ಅಳತೆ ಇರಲಿ ಎಂದು ಕೊಡುತ್ತಿದ್ದೇನೆ.

ಸ್ವಚ್ಛ ಮಾಡಿ ಗ್ರೀಸ್ ಹಾಕುವುದು: 100ರಿಂದ 300 ರೂಪಾಯಿ. ನೀವೇ ಮಾಡಿಕೊಂಡರೆ ಸ್ಪ್ರೇ ಡಬ್ಬಿಯ ಖರ್ಚು ಮಾತ್ರ.
ಸ್ಟ್ರೈಕರ್ ಸರಿಪಡಿಸುವುದು: 100ರಿಂದ 300. ಹೊಸ ಸ್ಟ್ರೈಕರ್ ಬೇಕಾದರೆ ಇನ್ನೊಂದು 100-300.
ಕಂಬಿಯ ಕ್ಲಿಪ್ ಹಾಕುವುದು: ಕ್ಲಿಪ್‌ಗೆ ಹತ್ತಿಪ್ಪತ್ತು ರೂಪಾಯಿ, ಪ್ಯಾಡ್ ಬಿಚ್ಚಿ ಹಾಕುವ ಕೂಲಿ 200ರಿಂದ 500.
ಹೊರಗಿನ ಅಥವಾ ಒಳಗಿನ ಹ್ಯಾಂಡಲ್: ಪಾರ್ಟ್ 200ರಿಂದ 900, ಕೂಲಿ ಬೇರೆ. ಬಾಡಿ ಬಣ್ಣದ ಹ್ಯಾಂಡಲ್ ಆದರೆ ಬಣ್ಣದ ಖರ್ಚು ಸೇರುತ್ತದೆ.
ಬೇರೆ ಇರುವ ಸೆಂಟ್ರಲ್ ಲಾಕ್ ಮೋಟರ್: 250ರಿಂದ 800, ಜೊತೆಗೆ ಕೂಲಿ.
ಮೋಟರ್ ಇಲ್ಲದ ಸಾದಾ ಲ್ಯಾಚ್: 500ರಿಂದ 1,200.
ಮೋಟರ್ ಸೇರಿರುವ ಲ್ಯಾಚ್: 1,500ರಿಂದ 4,000, ದೊಡ್ಡ ಕಾರುಗಳಿಗೆ ಇನ್ನೂ ಮೇಲೆ.

ಲ್ಯಾಚ್ ಬದಲಿಸುವ ಕೂಲಿ ಹೊರಗಿನ ಗ್ಯಾರೇಜಿನಲ್ಲಿ 300-700, ಕಂಪನಿ ಸರ್ವಿಸ್ ಸೆಂಟರಿನಲ್ಲಿ ಅದಕ್ಕಿಂತ ಜಾಸ್ತಿ. ವಿದೇಶಿ ಐಷಾರಾಮಿ ಕಾರು ಇದ್ದರೆ ಈ ಪಟ್ಟಿ ನಿಮಗಲ್ಲ, ಅಲ್ಲಿ ಒಂದು ಲ್ಯಾಚ್‌ಗೇ ಐದಂಕಿ ಆಗಬಹುದು.

ಪಟ್ಟಿಯ ಮೇಲಿನ ಮೂರು ಸಾಲಿಗೂ ಕೊನೆಯ ಸಾಲಿಗೂ ಇರುವ ಅಂತರ ನೋಡಿ. ಮೊದಲ ಹೆಜ್ಜೆಯ ತಪಾಸಣೆಗೆ ಅಷ್ಟು ಒತ್ತು ಕೊಟ್ಟಿದ್ದು ಇದಕ್ಕೇ.

ನಾಲ್ಕನೇ ಹೆಜ್ಜೆ: ಎಲ್ಲಿಗೆ ಒಯ್ಯಬೇಕು

ವಾರಂಟಿ ಇದ್ದರೆ ಬೇರೆ ಯೋಚನೆ ಬೇಡ, ಕಂಪನಿ ಸರ್ವಿಸ್ ಸೆಂಟರ್. ಉದಾಹರಣೆಗೆ ಮಾರುತಿ ಸುಜುಕಿ 2024ರ ಜುಲೈಯಿಂದ ಹೊಸ ಕಾರುಗಳಿಗೆ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ವಾರಂಟಿ ಕೊಡುತ್ತಿದೆ. ಲ್ಯಾಚ್ ತಾನಾಗಿಯೇ ಕೆಟ್ಟಿದ್ದರೆ ಅದರಲ್ಲಿ ಕೇಳಿ ಪಡೆಯಬಹುದು. ವಾರಂಟಿ ಇರುವಾಗ ಹೊರಗೆ ಬಾಗಿಲು ಬಿಚ್ಚಿಸಿದರೆ ಆಮೇಲೆ "ಹೊರಗಿನವರು ಮುಟ್ಟಿದ್ದಾರೆ" ಎಂಬ ಮಾತಿಗೆ ಅವಕಾಶ ಕೊಟ್ಟಂತಾಗುತ್ತದೆ.

ವಾರಂಟಿ ಮುಗಿದಿದ್ದರೆ ನನ್ನ ಅಭಿಪ್ರಾಯ ನೇರವಾಗಿದೆ. ಕ್ಲಿಪ್, ಕೇಬಲ್, ಸ್ಟ್ರೈಕರ್, ಗ್ರೀಸ್, ಹ್ಯಾಂಡಲ್, ಇವಕ್ಕೆಲ್ಲ ಪರಿಚಯದ ಗ್ಯಾರೇಜು ಸಾಕು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಶೋರೂಮೂ ಇವೆ, ಹೊರಗಿನ ಗ್ಯಾರೇಜುಗಳೂ ಇವೆ. ಎರಡೂ ಕಡೆ ಕೇಳಿ ನೋಡುವುದು ಕಷ್ಟವಲ್ಲ. ಹಿಂಜ್ ಜಗ್ಗಿದ್ದರೆ ಅಥವಾ ಬಾಗಿಲಿಗೆ ಪೆಟ್ಟು ಬಿದ್ದಿದ್ದರೆ ಮೆಕ್ಯಾನಿಕ್ ಬಳಿ ಅಲ್ಲ, ಟಿಂಕರಿಂಗ್ ಮಾಡುವವರ ಬಳಿ ಹೋಗಿ. ವೈರಿನ ತೊಂದರೆಗೆ ಆಟೋ ಎಲೆಕ್ಟ್ರಿಷಿಯನ್. ಸರಿಯಾದ ಕೈಗೆ ಕೊಟ್ಟರೆ ಅರ್ಧ ಖರ್ಚು ಅಲ್ಲೇ ಉಳಿಯಿತು.

ಮೋಟರ್ ಸೇರಿರುವ ಲ್ಯಾಚ್, ಅದೂ ಬಾಗಿಲಿನೊಳಗೆ ಏರ್‌ಬ್ಯಾಗಿನ ಸೆನ್ಸರ್ ಇರುವ ಹೊಸ ಕಾರು ಎಂದರೆ, ಆ ಮಾದರಿಯ ಬಾಗಿಲು ಬಿಚ್ಚಿ ರೂಢಿ ಇರುವವರಿಗೇ ಕೊಡಿ. ನೂರಿನ್ನೂರು ಜಾಸ್ತಿಯಾದರೂ ಪರವಾಗಿಲ್ಲ.

ರೇಟು ಕೇಳುವ ರೀತಿಯೂ ಮುಖ್ಯ. ಹೀಗೆ ಮಾತಾಡಿ ನೋಡಿ:

"ಅಣ್ಣಾರ, ಹಿಂದಿನ ಎಡಗಡೆ ಬಾಗ್ಲಾ ಒಳಗಿಂದ ತೆರೀತೈತ್ರಿ, ಹೊರಗಿಂದ ತೆರ್ಯಾಂಗಿಲ್ರಿ. ಹ್ಯಾಂಡಲ್ ಸಡ್ಲ ಬರತೈತಿ. ಕ್ಲಿಪ್ ಕಳಚೇತೇನು ನೋಡ್ರಿ. ಪ್ಯಾಡ್ ಬಿಚ್ಚಿ ನೋಡಾಕ ಎಷ್ಟ್ರಿ?"

"ನೋಡಾಕ ಇನ್ನೂರ್ ಕೊಡ್ರಿ ಸರ. ಕ್ಲಿಪ್ ಇದ್ರ ಅದರಾಗ ಮುಗೀತೈತಿ. ಹ್ಯಾಂಡಲ್ ಒಡದಿದ್ರ ಹೇಳ್ತೀನ್ರಿ."

"ಹೊಸಾದು ಹಾಕೂ ಮುಂಚೆ ನನಗೊಂದು ಫೋನ್ ಮಾಡ್ರಿ. ಹಳೇದು ನನಗ ಬೇಕ್ರಿ."

ಕೊನೆಯ ಎರಡು ಮಾತು ಬಿಡಬೇಡಿ. ಬಿಚ್ಚಿ ನೋಡುವ ಕೂಲಿ ಬೇರೆ, ಬದಲಿಸುವ ಖರ್ಚು ಬೇರೆ ಎಂದು ಮೊದಲೇ ಇತ್ಯರ್ಥ ಆದರೆ ಇಬ್ಬರಿಗೂ ಮನಸ್ತಾಪ ಇಲ್ಲ. ಒಳ್ಳೆಯ ಮಿಸ್ತ್ರಿಗೆ ಇಂಥ ಗಿರಾಕಿ ಎಂದರೆ ಸಂತೋಷವೇ, ಅವರ ಅರ್ಧ ಕೆಲಸ ನೀವೇ ಮಾಡಿರುತ್ತೀರಿ.

ಐದನೇ ಹೆಜ್ಜೆ: ಪಾರ್ಟ್ ತರುವುದು

ಲ್ಯಾಚ್ ಎಂದರೆ ಒಂದೇ ಪಾರ್ಟ್ ಅಲ್ಲ. ಮುಂದಿನ ಬಲ, ಮುಂದಿನ ಎಡ, ಹಿಂದಿನ ಬಲ, ಹಿಂದಿನ ಎಡ, ನಾಲ್ಕೂ ಬೇರೆ ಬೇರೆ. ಒಂದೇ ಹೆಸರಿನ ಕಾರಿನಲ್ಲೂ ವರ್ಷ ಬದಲಾದರೆ, ಕೆಳಗಿನ ಮಾದರಿಯಿಂದ ಮೇಲಿನ ಮಾದರಿಗೆ ಹೋದರೆ ಲ್ಯಾಚ್ ಬದಲಾಗುತ್ತದೆ. ಅಂಗಡಿಗೆ ಹೋಗುವಾಗ ಆರ್‌ಸಿಯ ಫೋಟೊ ಇಟ್ಟುಕೊಳ್ಳಿ, ಚಾಸಿ ನಂಬರ್ ಹಾಕಿದರೆ ಅವರಿಗೆ ಸರಿಯಾದ ಪಾರ್ಟ್ ನಂಬರ್ ಸಿಗುತ್ತದೆ. ಸಾಧ್ಯವಾದರೆ ಹಳೇ ಲ್ಯಾಚನ್ನೇ ಒಯ್ಯಿರಿ. ಪಕ್ಕಪಕ್ಕ ಇಟ್ಟು ಕಂಬಿ ಸಿಕ್ಕಿಸುವ ತೂತುಗಳು, ಕೇಬಲ್ ತುದಿಯ ಆಕಾರ, ವೈರಿನ ಪ್ಲಗ್ಗಿನಲ್ಲಿರುವ ಪಿನ್‌ಗಳು ಹೊಂದುತ್ತವೆಯೇ ನೋಡಿ.

ಕಂಪನಿ ಪಾರ್ಟಾ, ಲೋಕಲ್ ಪಾರ್ಟಾ? ಹ್ಯಾಂಡಲ್ಲಿಗೆ, ಕ್ಲಿಪ್ಪಿಗೆ, ಬೇರೆ ಇರುವ ಮೋಟರಿಗೆ ಒಳ್ಳೆಯ ಬ್ರಾಂಡಿನ ಲೋಕಲ್ ಪಾರ್ಟ್ ನಡೆಯುತ್ತದೆ. ಲ್ಯಾಚ್ ಮಾತ್ರ ಕಂಪನಿಯದೇ ಹಾಕಿಸಿ ಎಂಬುದು ನನ್ನ ಗಟ್ಟಿ ಮಾತು. ಅದರೊಳಗಿನ ಕೊಕ್ಕೆ ಮತ್ತು ತಡೆಹಲ್ಲು ಎಂಥ ಉಕ್ಕಿನದು ಅಂತ ಹೊರಗಿನಿಂದ ನೋಡಿ ಹೇಳಲು ಯಾರಿಗೂ ಆಗದು. ಐನೂರು ರೂಪಾಯಿ ಉಳಿಸುವ ಜಾಗ ಅದಲ್ಲ. ಕಂಪನಿ ಪಾರ್ಟ್ ಕೈಗೆಟುಕದಿದ್ದರೆ, ಗುಜರಿಗೆ ಹೋದ ಅದೇ ಮಾದರಿಯ ಕಾರಿನಿಂದ ಬಿಚ್ಚಿದ ಅಸಲಿ ಲ್ಯಾಚ್ ಒಂದು ದಾರಿ. ಆದರೆ ಆ ಬಾಗಿಲಿಗೆ ಪೆಟ್ಟು ಬಿದ್ದಿರಬಾರದು, ಕೊಕ್ಕೆಯ ಪರೀಕ್ಷೆಯನ್ನು ಅಂಗಡಿಯಲ್ಲೇ ನಿಂತು ಮಾಡಬೇಕು.

ಗದಗ, ಹಾವೇರಿಯಲ್ಲಿ ನಿಮ್ಮ ಮಾದರಿಯ ಲ್ಯಾಚ್ ಸ್ಟಾಕ್ ಇಲ್ಲ ಎಂದರೆ ಹುಬ್ಬಳ್ಳಿ ಅಂಗಡಿಗೆ ಫೋನ್ ಮಾಡಿ, ಪಾರ್ಟ್ ನಂಬರ್ ಹೇಳಿ, ಬಸ್ ಪಾರ್ಸಲ್‌ನಲ್ಲಿ ತರಿಸಿಕೊಳ್ಳಬಹುದು. ಒಂದು ಲ್ಯಾಚ್‌ಗಾಗಿ ಗದಗಿನಿಂದ ಸುಮಾರು 60 ಕಿಲೋಮೀಟರ್ ಕಾರು ಓಡಿಸಿಕೊಂಡು ಹೋಗಬೇಕಿಲ್ಲ, ಅದೂ ಕೂರದ ಬಾಗಿಲು ಇಟ್ಟುಕೊಂಡು.

ಕೀಲಿ ಹಾಕುವ ಬಾಗಿಲಿನ ಹೊರ ಹ್ಯಾಂಡಲ್ ಬದಲಿಸುವಾಗ ಒಂದು ಮಾತು ಹೇಳಿಬಿಡಿ: ಹಳೇ ಕೀಲಿ ಸಿಲಿಂಡರನ್ನೇ ಹೊಸ ಹ್ಯಾಂಡಲ್‌ಗೆ ಹಾಕಿಕೊಡಿ ಅಂತ. ಬಹಳಷ್ಟು ಕಾರುಗಳಲ್ಲಿ ಇದು ಆಗುತ್ತದೆ. ಇಲ್ಲದಿದ್ದರೆ ಬಾಗಿಲಿಗೊಂದು ಕೀಲಿ, ಇಗ್ನಿಷನ್‌ಗೆ ಇನ್ನೊಂದು ಕೀಲಿ ಹಿಡಿದು ತಿರುಗಬೇಕು.

ಆರನೇ ಹೆಜ್ಜೆ: ಕೆಲಸ ನಡೆಯುವಾಗ ಹತ್ತಿರ ಇರಿ

ಮೆಕ್ಯಾನಿಕ್ ಮೊದಲು ಡೋರ್ ಪ್ಯಾಡ್ ಬಿಚ್ಚುತ್ತಾರೆ. ಹ್ಯಾಂಡಲ್ ಹಿಂದೆ, ಆರ್ಮ್‌ರೆಸ್ಟ್ ಕೆಳಗೆ ಸ್ಕ್ರೂಗಳು, ಸುತ್ತಲೂ ಪ್ಲಾಸ್ಟಿಕ್ ಕ್ಲಿಪ್‌ಗಳು. ಹಳೇ ಕಾರಿನಲ್ಲಿ ಒಂದೆರಡು ಕ್ಲಿಪ್ ಒಡೆಯುವುದು ಸಹಜ, ಅವಕ್ಕೆ ಹೊಸದು ಹಾಕಿಸಿ. ಹಾಕದಿದ್ದರೆ ಪ್ಯಾಡ್ ದಾರಿಯುದ್ದಕ್ಕೂ ಲಟಲಟ ಎನ್ನುತ್ತದೆ.

ಪ್ಯಾಡಿನ ಹಿಂದೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಕಿಟಕಿ ಗಾಜಿನಿಂದ ಇಳಿಯುವ ಮಳೆ ನೀರು ಕಾರಿನ ಒಳಕ್ಕೆ ಬರದಂತೆ ತಡೆಯುವುದು ಅದು. ಇದನ್ನು ಹರಿದು ಬಿಸಾಕುವುದು, ಇಲ್ಲವೇ ಅರ್ಧ ಅಂಟಿಸಿ ಬಿಡುವುದು ಬಹಳ ಕಡೆ ನಡೆಯುತ್ತದೆ. ಆಮೇಲೆ ಜೂನ್ ತಿಂಗಳಲ್ಲಿ ಕಾಲಡಿಯ ಮ್ಯಾಟ್ ಒದ್ದೆಯಾದಾಗ ಯಾಕೆ ಎಂದು ಯಾರಿಗೂ ತಿಳಿಯುವುದಿಲ್ಲ. ಹಾಳೆ ಪೂರ್ತಿ ಕೂತಿದೆಯೇ, ಹರಿದ ಕಡೆ ಟೇಪ್ ಹಾಕಿದ್ದಾರೆಯೇ ನೋಡಿ. ಅಂಟು ಒಣಗಿದ್ದರೆ ಹೊಸ ಅಂಟು ಹಾಕಲು ಹೇಳಿ.

ಹೊಸ ಲ್ಯಾಚ್ ಕೂರಿಸಿ, ಕಂಬಿ, ಕೇಬಲ್, ವೈರು ಸಿಕ್ಕಿಸಿದ ಮೇಲೆ ಪರೀಕ್ಷೆ. ಈ ಪರೀಕ್ಷೆ ಬಾಗಿಲು ತೆರೆದಿರುವಾಗಲೇ ಆಗಬೇಕು. ಸ್ಕ್ರೂಡ್ರೈವರ್‌ನಿಂದ ಕೊಕ್ಕೆ ಮಡಚಿ, ಒಳಗಿನ ಹ್ಯಾಂಡಲ್‌ನಿಂದ ಬಿಡಿಸಿ. ಮತ್ತೆ ಮಡಚಿ, ಹೊರಗಿನ ಹ್ಯಾಂಡಲ್‌ನಿಂದ ಬಿಡಿಸಿ. ಆಮೇಲೆ ಲಾಕ್ ಬಟನ್, ಕೀಲಿ, ರಿಮೋಟ್, ಹಿಂದಿನ ಬಾಗಿಲಾದರೆ ಚೈಲ್ಡ್ ಲಾಕ್, ಒಂದೊಂದನ್ನೂ ಹೀಗೆಯೇ ನೋಡಿ. ಯಾವುದಾದರೂ ಕಂಬಿ ಸಿಕ್ಕಿಸುವುದು ಮರೆತು ಬಾಗಿಲು ಹಾಕಿಬಿಟ್ಟರೆ ಅದು ಎರಡೂ ಕಡೆಯಿಂದ ತೆರೆಯದೆ ಕೂರಬಹುದು. ಆಗ ಶುರುವಾಗುವ ಒದ್ದಾಟಕ್ಕೆ ಮೂಲ ರಿಪೇರಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಎಲ್ಲ ಸರಿ ಎಂದಾದ ಮೇಲೆಯೇ ಬಾಗಿಲು ಮುಚ್ಚಿ, ಆಮೇಲೆ ಪ್ಯಾಡ್ ಹಾಕಿಸಿ.

ಕೊನೆಗೆ ಮೆಲ್ಲಗೆ ಹಾಕಿದರೂ ಬಾಗಿಲು ಎರಡನೇ ಕ್ಲಿಕ್ಕಿಗೆ ಕೂರುತ್ತದೆಯೇ, ಅದರ ಅಂಚು ಪಕ್ಕದ ಬಾಗಿಲಿನ ಸಮಕ್ಕೆ ಇದೆಯೇ ನೋಡಿ. ಕಿಟಕಿ ಗಾಜನ್ನು ಪೂರ್ತಿ ಇಳಿಸಿ ಏರಿಸಿ. ಬಾಗಿಲು ಬಡಿದೇ ಹಾಕಬೇಕಾದ ಸ್ಥಿತಿಯಲ್ಲಿ ಕಾರು ಹೊರಗೆ ತರಬೇಡಿ.

ಏಳನೇ ಹೆಜ್ಜೆ: ಬಿಲ್ಲು ಓದುವುದು

ಪಾರ್ಟಿನ ಡಬ್ಬಿ ಮೇಲೆ ಎಂಆರ್‌ಪಿ ಇರುತ್ತದೆ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಬೆಲೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳಿಗೆ ಶೇಕಡಾ 18ರ ಒಂದೇ ದರ ಇದೆ, ರಿಪೇರಿ ಕೂಲಿಗೂ ಶೇಕಡಾ 18.

ಒಂದು ಲೆಕ್ಕ ನೋಡಿ. ಲ್ಯಾಚ್ ಎಂಆರ್‌ಪಿ 1,800. ಬಿಲ್ಲಿನಲ್ಲಿ ಇದು ಸುಮಾರು 1,525 ಮೂಲ ಬೆಲೆ, 275 ಜಿಎಸ್‌ಟಿ ಎಂದು ಒಡೆದು ಬರಬೇಕು, ಎರಡೂ ಕೂಡಿ 1,800. ಕ್ಲಿಪ್‌ಗಳು 60. ಕೂಲಿ 600, ಅದರ ಜಿಎಸ್‌ಟಿ 108. ಒಟ್ಟು 2,568. ಯಾರಾದರೂ 1,800ರ ಮೇಲೆ ಮತ್ತೆ ಶೇಕಡಾ 18 ಹಾಕಿದರೆ 324 ರೂಪಾಯಿ ಸುಮ್ನೆ ಹೋಯಿತು. ಡಬ್ಬಿ ತೋರಿಸಿ ಎಂದು ಕೇಳಿ, ಕೇಳುವುದರಲ್ಲಿ ಸಂಕೋಚ ಏನಿಲ್ಲ.

ಸರ್ವಿಸ್ ಸೆಂಟರಿನ ಬಿಲ್ಲಿನಲ್ಲಿ ನೀವು ಕೇಳದ ಬಾಗಿಲು ಲೂಬ್ರಿಕೇಷನ್, ಒಳಗಿನ ಸ್ವಚ್ಛತೆ ಅಂತ ಸಾಲುಗಳು ಸೇರಿಕೊಳ್ಳುವುದುಂಟು. ಜಾಬ್ ಕಾರ್ಡ್‌ಗೆ, ಅಂದರೆ ಮಾಡುವ ಕೆಲಸಗಳ ಪಟ್ಟಿಗೆ, ಸಹಿ ಹಾಕುವಾಗಲೇ ಓದಿ, ಬೇಡದ್ದನ್ನು ಹೊಡೆದುಹಾಕಿಸಿ. ಸಹಿ ಆದ ಮೇಲೆ ಮಾತಾಡುವುದು ಕಷ್ಟ.

ಹೊರಗಿನ ಗ್ಯಾರೇಜಿನಲ್ಲೂ ಕನಿಷ್ಠ ಒಂದು ಚೀಟಿಯ ಮೇಲೆ ಪಾರ್ಟ್ ಹೆಸರು, ತಾರೀಖು, ಹಣ ಬರೆಸಿಕೊಳ್ಳಿ. ತಿಂಗಳೊಳಗೆ ಅದೇ ಲ್ಯಾಚ್ ಕೆಟ್ಟರೆ ಅಂಗಡಿಯಲ್ಲಿ ಬದಲಿಸಿಕೊಳ್ಳಲು ಬಿಲ್ಲು ಬೇಕು. ಸುಳ್ಳು ಪಾರ್ಟ್ ಹಾಕಿ ಹಣ ತೆಗೆದುಕೊಂಡಿದ್ದಾರೆ, ಮಾತಿಗೂ ಸಿಗುತ್ತಿಲ್ಲ ಎಂದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲೂ ಆಗದಿದ್ದರೆ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಲ್ಲಿ ಗ್ರಾಹಕ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಅಲ್ಲಿ ಅರ್ಜಿ ಶುಲ್ಕ ಇಲ್ಲ. ಇದಕ್ಕೆಲ್ಲ ಆಧಾರ ಆ ಬಿಲ್ಲು ಮತ್ತು ನೀವು ಕೇಳಿ ಪಡೆದ ಹಳೇ ಪಾರ್ಟ್.

ವಿಮೆ ಕೇಳಬಹುದೇ?

ಸವೆದು ಕೆಟ್ಟ ಲ್ಯಾಚ್‌ಗೆ ಸಾಮಾನ್ಯ ವಿಮೆ ಸಿಗುವುದಿಲ್ಲ. ಅಪಘಾತದಲ್ಲಿ ಬಾಗಿಲು ಜಜ್ಜಿದ್ದರೆ, ಕಳ್ಳರು ಲಾಕ್ ಒಡೆಯಲು ನೋಡಿದ್ದರೆ, ನಿಮ್ಮ ಪಾಲಿಸಿಯಲ್ಲಿ ಸ್ವಂತ ಕಾರಿನ ಹಾನಿಯೂ ಸೇರಿದ್ದರೆ ಸಿಗುತ್ತದೆ. ಆಗ ರಿಪೇರಿಗೆ ಮುಂಚೆಯೇ ಫೋಟೊ ತೆಗೆದು ವಿಮಾ ಕಂಪನಿಗೆ ತಿಳಿಸಿ, ಕಳ್ಳತನದ ಯತ್ನವಾದರೆ ಪೊಲೀಸರಿಗೂ ದೂರು ಕೊಡಿ.

ಆದರೆ ಚಿಕ್ಕ ಬಿಲ್ಲಿಗೆ ಕ್ಲೇಮ್ ಮಾಡಬೇಡಿ ಎಂದೇ ಹೇಳುತ್ತೇನೆ. 1500 ಸಿಸಿವರೆಗಿನ ಖಾಸಗಿ ಕಾರಿಗೆ ಪ್ರತಿ ಕ್ಲೇಮಿನಲ್ಲಿ ಮೊದಲ 1,000 ರೂಪಾಯಿ ನಿಮ್ಮದೇ, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2,000. ಝೀರೋ ಡೆಪ್ (ಪಾರ್ಟಿನ ಸವಕಳಿ ಕಳೆಯದೆ ಹಣ ಕೊಡುವ ವಿಮೆ) ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಕಡಿತ. ಮೇಲಾಗಿ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಐದು ವರ್ಷ ಕ್ಲೇಮ್ ಮಾಡದೆ ಶೇಕಡಾ 50ರ ರಿಯಾಯಿತಿ ಗಳಿಸಿದವರು 2,500ರ ಬಿಲ್ಲಿಗಾಗಿ ಅದನ್ನು ಕಳೆದುಕೊಂಡರೆ ಮುಂದಿನ ವರ್ಷದ ಪ್ರೀಮಿಯಂನಲ್ಲೇ ಅದಕ್ಕಿಂತ ಜಾಸ್ತಿ ಕಟ್ಟಬೇಕಾಗಬಹುದು.

ಮತ್ತೆ ಕೆಡದಂತೆ

ವರ್ಷಕ್ಕೆ ಎರಡು ಸಲ ಸಾಕು. ಮಳೆಗಾಲ ಶುರುವಾಗುವ ಮುಂಚೆ ಒಂದು, ಖಂಡೇನವಮಿಗೆ ಗಾಡಿ ತೊಳೆದ ಮೇಲೆ ಒಂದು. ವಾಟರ್ ಸರ್ವಿಸಿಂಗ್‌ನಲ್ಲಿ ಜೋರು ನೀರು ನೇರ ಲ್ಯಾಚ್ ಸೀಳಿಗೆ ಬಿದ್ದರೆ ಇದ್ದ ಗ್ರೀಸೂ ತೊಳೆದುಹೋಗುತ್ತದೆ.

ಮೊದಲು ಡಬ್ಲ್ಯೂಡಿ-40ಯಂಥ ಸ್ಪ್ರೇ ಬಿಟ್ಟು ಎರಡು ನಿಮಿಷ ಬಿಡಿ. ಹಳೇ ಗ್ರೀಸು ಧೂಳಿನ ಜೊತೆ ಸೇರಿ ಕಪ್ಪು ಜಿಡ್ಡಾಗಿರುತ್ತದೆ, ಅದು ಕರಗಿ ಇಳಿಯುತ್ತದೆ. ಬಟ್ಟೆಯಿಂದ ಒರೆಸಿ. ಕೆಲಸ ಇಲ್ಲಿಗೇ ನಿಲ್ಲಿಸಬೇಡಿ, ಆ ಸ್ಪ್ರೇ ತೊಳೆಯುತ್ತದೆ, ಬಹಳ ದಿನ ನಿಲ್ಲುವುದಿಲ್ಲ. ಅದರ ಮೇಲೆ ಬಿಳಿ ಲಿಥಿಯಂ ಗ್ರೀಸಿನ ಸ್ಪ್ರೇ ಸ್ವಲ್ಪವೇ ಹೊಡೆಯಿರಿ, ಕೊಕ್ಕೆಯನ್ನು ನಾಲ್ಕೈದು ಸಲ ಮಡಚಿ ಬಿಡಿಸಿ, ಹೆಚ್ಚಾಗಿದ್ದನ್ನು ಒರೆಸಿ. ಎಂಜಿನ್ ಆಯಿಲ್ ಬೇಡ, ಅದು ನಮ್ಮ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಕೀಲಿ ತೂತಿಗೆ ಗ್ರೀಸ್ ಹಾಕಬೇಡಿ, ಗ್ರಾಫೈಟ್ ಪುಡಿ ಹಾಕಿ.

ಕೊನೆಗೆ ಬಾಗಿಲಿನ ಕೆಳ ಅಂಚಿಗೆ ಕೈಯಾಡಿಸಿ. ನೀರು ಇಳಿದುಹೋಗಲು ಅಲ್ಲಿ ಚಿಕ್ಕ ತೂತುಗಳಿವೆ. ಎರೆಮಣ್ಣು ಒಣಗಿ ಅವನ್ನು ಮುಚ್ಚಿದರೆ ನೀರು ಬಾಗಿಲೊಳಗೇ ನಿಂತು ಒಳಗಿನ ಕಬ್ಬಿಣಕ್ಕೆಲ್ಲ ತುಕ್ಕು ಹಿಡಿಯುತ್ತದೆ. ಕಲಘಟಗಿ ಕಡೆಯ ಮಳೆಯಲ್ಲಿ ಓಡಾಡುವವರು ಇದನ್ನು ತಿಂಗಳಿಗೊಮ್ಮೆ ನೋಡಿ. ಊದುಬತ್ತಿ ಕಡ್ಡಿ ತೂರಿಸಿ ಆಡಿಸಿದರೆ ಮಣ್ಣು ಉದುರುತ್ತದೆ.